ಕಂಕುಳ ಗಂಟು, ಶನಿವಾರದ ಚಪಾತಿ

ದನದ ಮೈಯಿಂದ ಉಣ್ಣೆಹುಳ ಕೀಳೋದು ನನಗೆ ಚೆನ್ನಾಗಿ ಬರುವ ಕೆಲಸ. ಅಕ್ಷರ ಅಷ್ಟಾಗಿ ಹತ್ತಲಿಲ್ಲ, ಸ್ಕೂಲು ಬಿಡಿಸಿ ಹಸುಗಳ ಹಿಂದೆ ಕಳಿಸಿದರು. ಕಿವಿಯ ಮಡಿಕೆ, ಕೆಚ್ಚಲ ಸಂದಿ, ಬಾಲದ ಬುಡ, ಎಲ್ಲೆಲ್ಲಿ ಉಣ್ಣೆ ಕಚ್ಚಿಕೊಂಡು ಕೂತಿರುತ್ತೆ ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ. ಹಸುಗಳು ಹೋದವು. ಅವು ಮೇಯುತ್ತಿದ್ದ ಹೇರೋಹಳ್ಳಿ ಹೊಲಗಳು ಸೈಟುಗಳಾದವು. ಕೊಟ್ಟಿಗೆ ಇದ್ದ ಕಡೆ ಮೂರಂತಸ್ತಿನ ಮನೆ ಎದ್ದಿತು, ಕೆಳಗೆ ನಾವು, ಮೇಲೆ ಬಾಡಿಗೆಯವರು. ಬೆರಳಿಗೆ ಮಾತ್ರ ಹಳೇ ಚಾಳಿ ಹೋಗಲಿಲ್ಲ. ದಿನಾ ಬೆಳಗ್ಗೆ ಮೆಟ್ಟಿಲ ಮೇಲೆ ಕೂತು, ತೆಂಗಿನ ಚಿಪ್ಪಿನಲ್ಲಿ ಸೋಪಿನ ನೀರು ಇಟ್ಟುಕೊಂಡು, ನಾಯಿಯ ಮೈ ಹುಡುಕುತ್ತೀನಿ.

ನಾಯಿ ನನ್ನದಲ್ಲ. ಮೊಮ್ಮಗಳು ಹಟ ಮಾಡಿ ತಂದಿದ್ದು. ಕರಿ ನಾಯಿ, ಮೂಗಿನಿಂದ ಬಾಲದವರೆಗೆ ಒಂದು ಬಿಳಿ ಕೂದಲಿಲ್ಲ. ಅವಳು ಓದೋಕೆ ಅಂತ ಹಾಸ್ಟೆಲಿಗೆ ಹೋದಳು, ನಾಯಿ ನನ್ನ ಪಾಲಿಗೆ ಉಳಿಯಿತು. ಅವಳಿಟ್ಟ ಹೆಸರು ನನ್ನ ಬಾಯಲ್ಲಿ ತಿರುಗಲ್ಲ, ನಾನು "ಲೇ" ಅಂತೀನಿ, ಅದು ಬರುತ್ತೆ. ಮುದ್ದು ಗಿದ್ದು ನನಗೆ ಆಗಲ್ಲ. ಆದರೆ ಅದರಿಂದ ನನಗೊಂದು ಉಪಕಾರ ಇತ್ತು. ವಯಸ್ಸಾದ ಹೆಂಗಸು ಬೆಳಗ್ಗೆ ಎದ್ದು ಬೀದಿಯಲ್ಲಿ ಸುಮ್ಮನೆ ನಡೆದರೆ ಸಿಕ್ಕವರೆಲ್ಲ ನಿಲ್ಲಿಸಿ "ಎಲ್ಲಿಗೆ ಹೊರಟ್ರಿ, ಮನೇಲಿ ಏನಾದ್ರೂ ಆಯ್ತಾ" ಅಂತ ಕೇಳ್ತಾರೆ. ಕೈಯಲ್ಲಿ ನಾಯಿ ಹಗ್ಗ ಇದ್ದರೆ ಯಾರೂ ಕೇಳಲ್ಲ. ನನಗೆ ಒಂದು ಕಡೆ ಕೂರೋಕೆ ಆಗದ ಕಾಯಿಲೆ. ನಮ್ಮ ಹೊಲ ಇದ್ದ ಕಡೆ, ಬಾವಿ ಮುಚ್ಚಿದ ಕಡೆ, ಹುಣಸೇಮರ ಕಡಿದ ಕಡೆ, ಅಗೆದು ಹಾಗೇ ಬಿಟ್ಟ ರೋಡುಗಳಲ್ಲೆಲ್ಲ ಸುತ್ತಿ ಬಂದರೇನೇ ನನಗೆ ತಿಂಡಿ ಇಳಿಯೋದು. ನಾಯಿ ಇದ್ದಿದ್ದಕ್ಕೆ ಆ ಸುತ್ತಾಟ ನಡೀತಿತ್ತು.

ಒಂದು ಬೆಳಗ್ಗೆ ಅದರ ಎಡಗಡೆ ಮುಂಗಾಲಿನ ಕಂಕುಳಲ್ಲಿ ಬೆರಳು ನಿಂತಿತು. ರಕ್ತ ಕುಡಿದು ಊದಿದ ಉಣ್ಣೆ ಅಂದುಕೊಂಡು ಉಗುರು ಹಾಕಿದೆ. ಕೈಗೆ ಬರಲಿಲ್ಲ. ಅದು ಚರ್ಮದ ಮೇಲಿರಲಿಲ್ಲ, ಒಳಗಿತ್ತು. ಹುಣಸೇಬೀಜದಷ್ಟು. ಒತ್ತಿದರೆ ಅತ್ತ ಜಾರುತ್ತೆ, ಬಿಟ್ಟರೆ ಇತ್ತ ಬರುತ್ತೆ. ನಾಯಿಗೆ ನೋವಿರಲಿಲ್ಲ, ಬಾಯಿ ತೆರೆದುಕೊಂಡು ನನ್ನ ಮುಖ ನೋಡ್ತಾ ಇತ್ತು. ನಾನು ಚಿಪ್ಪು ಚೆಲ್ಲಿ ಎದ್ದೆ. ಆವತ್ತು ಅಂಗಳ ಎರಡು ಸಲ ಗುಡಿಸಿದೆ.

ಆಮೇಲೆ ದಿನಾ ಮುಟ್ಟಿ ನೋಡೋದೇ ಆಯ್ತು. ಸೊಪ್ಪು ಸೋಸ್ತಾ ಸೋಸ್ತಾ ಎದ್ದು ಹೋಗಿ ಮುಟ್ಟೋದು, ಒಲೆ ಮೇಲೆ ಹಾಲಿಟ್ಟು ಹೋಗಿ ಮುಟ್ಟೋದು. ಹಾಲು ಉಕ್ಕಿತು, ಸೊಸೆ ಬಂದು ಒಲೆ ಒರೆಸಿದಳು. ಹುಣಸೇಬೀಜ ನೆಲ್ಲಿಕಾಯಿ ಆಯಿತು. ನಮ್ಮ ಕಾಲದಲ್ಲಿ ದನಕ್ಕೆ ಇಂಥದ್ದು ಎದ್ದರೆ ಕಬ್ಬಿಣ ಕಾಯಿಸಿ ಬರೆ ಹಾಕ್ತಿದ್ದರು. ಆ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ, ಅದಕ್ಕೆ ನನ್ನ ಮನಸ್ಸು ಹೋಗಲಿಲ್ಲ. ಮನುಷ್ಯರಿಗೆ ಕುರು ಎದ್ದರೆ ಸುಣ್ಣ ಬೆಲ್ಲ ಕಲಸಿ ಹಚ್ಚೋದು, ಹಣ್ಣಾಗಿ ಒಡೆದು ಹೋಗುತ್ತೆ. ಇದಕ್ಕೂ ಅದೇ ಮಾಡೋಣ ಅಂತ ವೀಳ್ಯದೆಲೆ ಮೇಲೆ ಕಲಸಿಕೊಂಡು ಕೂತಿದ್ದೆ. ಸೊಸೆ ನೋಡಿದಳು.

"ಅತ್ತೆ, ಕಂಕುಳ ಚರ್ಮ ಅದು, ಸುಟ್ಟು ಹೋಗುತ್ತೆ. ಸುಟ್ಟಿಲ್ಲ ಅಂದ್ರೆ ಬೆಲ್ಲದ ಆಸೆಗೆ ಸುಣ್ಣ ಎಲ್ಲ ನೆಕ್ಕುತ್ತೆ."

ನನಗೆ ಬುದ್ಧಿ ಹೇಳೋಕೆ ಬರ್ತಾಳೆ ಅಂತ ಸಿಟ್ಟು ಬಂತು. ಆದರೆ ನಾಯಿ ಆಗಲೇ ಎಲೆ ಕಡೆ ನಾಲಿಗೆ ಚಾಚಿತ್ತು. ಎಲೆ ಮಡಚಿ ಕಸಕ್ಕೆ ಹಾಕಿದೆ.

ಮಗನಿಗೆ ನಲ್ಲಿ, ಪೈಪು ಮಾರೋ ಅಂಗಡಿ. ಅವನ ಗೂಡ್ಸ್ ಆಟೋ ಹಿಂದೆ ಪೈಪುಗಳ ನಡುವೆ ನಾಯಿಯನ್ನ ಹತ್ತಿಸಿ, ನಾನೂ ಹತ್ತಿ ಕೂತು, ಮಾಗಡಿ ರೋಡಿನ ಗುಂಡಿಗಳನ್ನೆಲ್ಲ ಸೊಂಟದಲ್ಲಿ ಎಣಿಸಿಕೊಂಡು ವಿಜಯನಗರಕ್ಕೆ ಹೋದೆವು. ಅಲ್ಲಿ ಪ್ರಾಣಿಗಳ ಡಾಕ್ಟರು ಒಬ್ಬಳು ಹೆಣ್ಣುಮಗಳು. ಗಂಟನ್ನ ಎರಡು ಬೆರಳಲ್ಲಿ ಹಿಡಿದು, ಸೂಜಿ ಚುಚ್ಚಿ ಎಳೆದು, ಗಾಜಿನ ಚೂರಿನ ಮೇಲೆ ಸವರಿದಳು. ಗಾಜಿನ ಮೇಲೆ ತುಪ್ಪ ಮುಟ್ಟಿದ ಕೈ ಒರೆಸಿದ ಹಾಗೆ ಜಿಡ್ಡು. ಒಳಗೆ ಹೋಗಿ ಯಂತ್ರದಲ್ಲಿ ನೋಡಿ ಬಂದಳು.

"ಕೊಬ್ಬಿನ ಗಂಟು ಅಜ್ಜಿ. ಕ್ಯಾನ್ಸರ್ ಥರ ಏನೂ ಕಾಣ್ತಾ ಇಲ್ಲ. ವಯಸ್ಸಾದ ದಪ್ಪ ನಾಯಿಗಳಲ್ಲಿ ತುಂಬಾ ನೋಡ್ತೀವಿ."

ತಿಂದ ತುಪ್ಪ ಎಲ್ಲ ಅಲ್ಲಿ ಹೋಗಿ ಕೂತಿದೆಯಾ ಅಂತ ಕೇಳಿದೆ. ಹಾಗಲ್ಲ ಅಂದಳು. ಇದು ಯಾಕೆ ಬರುತ್ತೆ ಅಂತ ಖಂಡಿತವಾಗಿ ಹೇಳೋಕೆ ಆಗಲ್ಲ, ಸಣ್ಣ ನಾಯಿಗೂ ಬರಬಹುದು, ಆದರೆ ಮೈ ಬಂದಷ್ಟೂ ಜಾಸ್ತಿ. ಮೈ ಇಳಿಸಿದರೆ ಇರೋ ಗಂಟು ಕರಗಿಹೋಗುತ್ತೆ ಅಂತ ನಂಬಬೇಡಿ, ಬೆಳೆಯೋದು ನಿಧಾನ ಆಗಬಹುದು, ಇನ್ನೊಂದು ಏಳೋದು ತಪ್ಪಬಹುದು ಅಂದಳು. ಹೊಟ್ಟೆ ಮೇಲೋ ಪಕ್ಕೆ ಮೇಲೋ ಇದ್ದಿದ್ದರೆ ಸಾಯೋವರೆಗೂ ಇದ್ದುಕೊಂಡು ಹೋಗಲಿ ಅನ್ನಬಹುದಿತ್ತು. ಇದು ಕಾಲಿನ ಸಂದಿಯಲ್ಲಿದೆ. ದೊಡ್ಡದಾದರೆ ಕಾಲು ಎತ್ತಿಡೋಕೆ ಬಿಡಲ್ಲ. ಸದ್ಯಕ್ಕೆ ಕತ್ತರಿಸೋದು ಬೇಡ, ನೋಡ್ತಾ ಇರಿ, ಗಟ್ಟಿಯಾದರೆ, ಬೇಗ ಬೇಗ ಬೆಳೆದರೆ, ಬಣ್ಣ ತಿರುಗಿದರೆ ಕರಕೊಂಡು ಬನ್ನಿ. ತಿನ್ನಿಸೋದು ಕಮ್ಮಿ ಮಾಡಿ.

ಅವಳು ಹೇಳಿದ್ದರಲ್ಲಿ ಕ್ಯಾನ್ಸರ್ ಅಲ್ಲ ಅನ್ನೋದೊಂದನ್ನ ಹಿಡಿದುಕೊಂಡು ಮನೆಗೆ ಬಂದೆವು. ಮಿಕ್ಕಿದ್ದು ದಾರಿಯಲ್ಲೇ ಉದುರಿಹೋಯಿತು. ಭಾನುವಾರ ಮಟನ್ನಿನ ಕೊಬ್ಬು ಮಗ ಕೊಟ್ಟ. ಹಬ್ಬದ ಒಬ್ಬಟ್ಟು ನಾನು ಕೊಟ್ಟೆ. ಚಳಿಗಾಲ ಬಂತು, ನೆಲ್ಲಿಕಾಯಿ ಹೋಗಿ ನಿಂಬೆಹಣ್ಣಾಯಿತು. ಯುಗಾದಿ ಹೊತ್ತಿಗೆ ಮಕ್ಕಳಿಗೆ ಕಟ್ಟೋ ಪುಟ್ಟ ಮುದ್ದೆ ಆಯಿತು. ಮೆತ್ತಗೆ, ನಾದಿದ ಹಿಟ್ಟಿನ ಹಾಗೆ. ನಾಯಿ ಎಡಗಾಲನ್ನ ಹೊರಗೆ ಬೀಸಿ ಬೀಸಿ ಇಡೋಕೆ ಶುರು ಮಾಡಿತು, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡವರು ನಡೆದ ಹಾಗೆ. ಹೊಲ ಇದ್ದ ಕಡೆವರೆಗೂ ಬರ್ತಿದ್ದದ್ದು ಮುಚ್ಚಿದ ಬಾವಿ ಹತ್ತಿರ ಕೂರುತ್ತಿತ್ತು. ಆಮೇಲೆ ಬೀದಿ ತಿರುವಿನಲ್ಲೇ ಕೂತುಬಿಡುತ್ತಿತ್ತು. ಎಳೆದರೆ ಏಳಲ್ಲ. ನಾನು ಹಗ್ಗ ಹಿಡಿದುಕೊಂಡು ಅದರ ಪಕ್ಕ ನಿಂತಿರೋದು, ಬರೋರು ಹೋಗೋರು ಆಂಟಿ ಏನಾಯ್ತು ಅಂತ ಕೇಳೋದು.

ಮತ್ತೆ ಗೂಡ್ಸ್ ಆಟೋ. ಡಾಕ್ಟರು ಮತ್ತೆ ಸೂಜಿ ಹಾಕಿ ನೋಡಿದಳು, ರಕ್ತ ತೆಗೆದಳು, ಎದೆಗೆ ಕೊಳವೆ ಇಟ್ಟು ಕೇಳಿದಳು. ಕೊಬ್ಬಿನ ಗಂಟೇ, ಆದರೆ ಈಗ ತೆಗೆಯಲೇಬೇಕು ಅಂದಳು. ಹಾಗಾದರೆ ತೆಗಿಯವ್ವ ಅಂದೆ.

"ಈ ಮೈಗೆ ಮತ್ತಿನ ಔಷಧಿ ಕೊಡೋಕೆ ನನಗೆ ಧೈರ್ಯ ಇಲ್ಲ ಅಜ್ಜಿ. ಉಸಿರಾಟಕ್ಕೆ ಕಷ್ಟ, ಹೊಲಿಗೆ ಕೂರೋದೂ ಕಷ್ಟ. ಮೊದಲು ಮೈ ಇಳಿಸಿಕೊಂಡು ಬನ್ನಿ. ತುಂಬ ತಡ ಮಾಡಿದ್ರೂ ಕಷ್ಟ, ಅದು ಒಳಗೆ ಮಾಂಸಕ್ಕೆ ಬೇರು ಬಿಟ್ಟ ಹಾಗೆ ಹರಡಿಕೊಂಡ್ರೆ ಪೂರ್ತಿ ತೆಗೆಯೋಕಾಗಲ್ಲ. ದೀಪಾವಳಿ ಒಳಗೆ ಆಗಬೇಕು."

ಅಂದರೆ ನಾಯಿ ಸಣ್ಣಗಾದರೆ ಕಾಲು ಉಳಿಯಿತು, ಇಲ್ಲದಿದ್ದರೆ ಕೂತಲ್ಲೇ ಕೊಳೆಯುತ್ತೆ. ಇಷ್ಟೇ ಲೆಕ್ಕ. ಆಟೋದಲ್ಲಿ ಬರುವಾಗ ಮಗನ ಬೆನ್ನಿಗೆ ಕೂಗಿ ಹೇಳಿದೆ, ಇವತ್ತಿಂದ ಯಾರಾದರೂ ಇದರ ಬಾಯಿಗೆ ಏನಾದರೂ ಹಾಕಿದರೆ ಅವರ ತಟ್ಟೆಗೆ ನಾನು ಅನ್ನ ಹಾಕಲ್ಲ.

ಡಾಕ್ಟರು ಹೇಳಿದ ನಾಯಿ ತಿಂಡಿ ಒಂದು ಲೋಟ ಬೆಳಗ್ಗೆ, ಒಂದು ಲೋಟ ಸಾಯಂಕಾಲ. ಹಸಿವಿಗೆ ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ. ಉಪ್ಪಿಲ್ಲ, ಎಣ್ಣೆಯಿಲ್ಲ. ನಡೆಸೋದು ನಿಧಾನಕ್ಕೆ, ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ. ನಾಯಿ ಮೊದಲ ದಿನ ಹುರುಳಿಕಾಯಿ ಮೂಸಿ ನನ್ನ ಮುಖ ನೋಡಿತು. ಎಷ್ಟಾದರೂ ನೋಡು, ಬೇರೆ ಸಿಗಲ್ಲ, ಅಂದೆ. ಎರಡನೇ ದಿನ ತಿಂದಿತು.

ತೂಕದ ಯಂತ್ರ ವಿಜಯನಗರದಲ್ಲಿತ್ತು. ದಿನಾ ಅಲ್ಲಿಗೆ ಹೋಗೋಕಾಗುತ್ತಾ? ನನಗೆ ಗೊತ್ತಿರೋ ಅಳತೆ ಒಂದೇ, ಉಡಿದಾರ. ಮಗುವಿನ ಸೊಂಟಕ್ಕೆ ಕರಿದಾರ ಕಟ್ಟಿದರೆ ಮೈ ಹತ್ತಿತೋ ಇಳಿಯಿತೋ ಅದೇ ಹೇಳುತ್ತೆ. ಮೈ ತುಂಬಿದರೆ ದಾರ ಚರ್ಮಕ್ಕೆ ಒತ್ತುತ್ತೆ, ಹೊಸದು ಕಟ್ಟಬೇಕು. ಕಾಯಿಲೆ ಬಿದ್ದರೆ ಜಾರುತ್ತೆ. ನನ್ನ ಮಗನನ್ನ, ಮೊಮ್ಮಗಳನ್ನ ಎಲ್ಲ ಹಾಗೇ ನೋಡಿಕೊಂಡಿದ್ದು. ನಾಯಿಗೂ ಎದೆ ಹಿಂದೆ ಸುತ್ತಿ, ಎರಡು ಬೆರಳು ಹೋಗೋ ಹಾಗೆ ಕರಿದಾರ ಕಟ್ಟಿದೆ. ಮಗ ನೋಡಿ ನಕ್ಕ.

"ಅವ್ವ, ಇನ್ನೇನು ಕಿವಿ ಚುಚ್ಚಿಸಿ ನಾಮಕರಣ ಮಾಡಿಬಿಡು."

ಮುಂದಿನ ಸಲ ಡಾಕ್ಟರು ಅದನ್ನ ಕಂಡು, ದಾರ ಎಲ್ಲಾದರೂ ಸಿಕ್ಕಿಕೊಂಡರೆ ಚರ್ಮ ಕೊಯ್ಯುತ್ತೆ, ಅಳತೆ ನೋಡಿ ಬಿಚ್ಚಿಡಿ ಅಂತ ಗದರಿದಳು. ಸರಿ, ಅದರ ಮೇಲೆ ಸುತ್ತಿ ನೋಡೋದು, ಬಿಚ್ಚಿ ಗೋಡೆ ಮೊಳೆಗೆ ನೇತು ಹಾಕೋದು. ಮೊದಲು ಗಂಟು ಹಾಕಿದ ಜಾಗ ಗುರುತು. ದಾರ ಆ ಗುರುತು ದಾಟಿ ಒಂದು ಬೆರಳು ಹೆಚ್ಚಾಯಿತು, ಎರಡು ಬೆರಳಾಯಿತು. ನಾಯಿ ಬೀದಿ ತಿರುವು ದಾಟಿ ಇನ್ನಷ್ಟು ದೂರ ಬಂತು. ಯಂತ್ರವೂ ದಾರದ ಮಾತನ್ನೇ ಹೇಳಿತು. ನನಗೂ ರಾತ್ರಿ ನಿದ್ದೆ ಬರೋಕೆ ಶುರುವಾಯಿತು.

ಆಮೇಲೆ ದಾರ ನಿಂತುಹೋಯಿತು. ಆಷಾಢ ಕಳೆದು ಶ್ರಾವಣ ಬಂತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಗೌರಿ ಹಬ್ಬದ ಹೊತ್ತಿಗೆ ಒಂದು ಬೆರಳು ಹಿಂದಕ್ಕೇ ಬಂತು. ನಾನು ಹುರುಳಿಕಾಯಿ ಬಿಟ್ಟು ಬೇರೆ ಏನೂ ಹಾಕಿಲ್ಲ. ಹಾಗಾದರೆ ಯಾರು? ಮಗನನ್ನ ಹಿಡಿದು ಕೇಳಿದೆ, ಆಣೆ ಮಾಡಿದ. ಅವನ ಆಣೆ ನನಗೆ ಗೊತ್ತು, ಅಂಗಡಿಗೆ ಹೋಗೋ ಮುಂಚೆ ಅವನ ಜೇಬು ಮೂಸಿದೆ. ಸೊಸೆಯ ಮೇಲೆ ಕಣ್ಣಿಟ್ಟೆ. ಅವಳು ಪಾತ್ರೆ ತೊಳೆಯುವಾಗ ಹಿಂದೆ ಹೋಗಿ ನಿಲ್ಲೋದು, ಎಂಜಲು ಎಲ್ಲಿಗೆ ಹೋಯಿತು ಅಂತ ನೋಡೋದು. ಅವಳೂ ಎಷ್ಟು ಅಂತ ತಡೀತಾಳೆ, "ಅತ್ತೆ, ನೀವೇ ಬಂದು ತೊಳೀರಿ" ಅಂತ ಸ್ಕ್ರಬ್ಬರು ಕೈಗೆ ಕೊಟ್ಟು ಹೋದಳು. ನಾನು ಒಂದು ಕಡೆ ಕೂರಲಿಲ್ಲ. ಗೇಟಿಗೆ ಹೋಗೋದು, ಹಿತ್ತಲಿಗೆ ಬರೋದು, ಮತ್ತೆ ಗೇಟು. ಕಸದವನು ಬಂದರೆ ಅವನ ಕೈ ನೋಡೋದು. ದೀಪಾವಳಿ ಹತ್ತಿರ ಬರ್ತಾ ಇತ್ತು.

ಒಂದು ಶನಿವಾರ ಉಣ್ಣೆ ನೋಡೋಕೆ ನಾಯಿಯ ಗಲ್ಲ ಹಿಡಿದೆ. ಮೀಸೆ ಮಿಂಚುತ್ತಿತ್ತು. ಬೆರಳಲ್ಲಿ ಒರೆಸಿ ಮೂಸಿದೆ. ಎಳ್ಳೆಣ್ಣೆ. ನಮ್ಮ ಮನೇಲಿ ಎಳ್ಳೆಣ್ಣೆ ತರೋದೇ ಇಲ್ಲ, ನಮ್ಮದು ಕಡಲೆಕಾಯಿ ಎಣ್ಣೆ.

ಆಗ ಗೊತ್ತಾಯಿತು. ಎರಡನೇ ಮಹಡಿಯಲ್ಲಿ ಉತ್ತರ ಕರ್ನಾಟಕದ ಕಡೆಯ ಒಂದು ಸಂಸಾರ. ಗಂಡ ಬೈಕಿನಲ್ಲಿ ಊಟದ ಪಾರ್ಸೆಲ್ ಮುಟ್ಟಿಸೋ ಕೆಲಸ ಮಾಡ್ತಾನೆ. ಬಂದ ಹೊಸತರಲ್ಲಿ ಮಳೆಯಲ್ಲಿ ದೀಪಾಂಜಲಿ ನಗರದ ಹತ್ತಿರ, ಮೈಸೂರು ರೋಡಿನಲ್ಲಿ ಜಾರಿಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದ. ಹೆಂಡತಿ ಊರಿನ ಐನೋರನ್ನ ಕೇಳಿದ್ದಕ್ಕೆ ಅವರು, ಶನಿ ಕಾಟ, ಶನಿವಾರ ಶನಿವಾರ ಕರಿ ನಾಯಿಗೆ ಎಳ್ಳೆಣ್ಣೆ ಹಚ್ಚಿದ ಚಪಾತಿ, ಬೆಲ್ಲ ತಿನ್ನಿಸು ಅಂದಿದ್ದರು. ಒಂದೂ ಬಿಳಿ ಕೂದಲಿರಬಾರದಂತೆ. ಅಂಥ ನಾಯಿ ಈ ಬೀದಿಯಲ್ಲಿ ನಮ್ಮದೊಂದೇ. ಮೊದಲು ನನ್ನೆದುರಿಗೇ ತಿನ್ನಿಸ್ತಿದ್ದಳು, ನಾನೂ ಸುಮ್ಮನಿದ್ದೆ. ಡಾಕ್ಟರು ಹೇಳಿದ ಮೇಲೆ ಎಲ್ಲರಿಗೂ ಹೇಳಿದ ಹಾಗೆ ಅವಳಿಗೂ ಬೇಡ ಅಂತ ಹೇಳಿದ್ದೆ. ಆಯ್ತು ಬಿಡ್ರಿ ಅಂದಿದ್ದಳು.

ಮುಂದಿನ ಶನಿವಾರ ನಾನು ಸ್ನಾನಕ್ಕೆ ಹೋಗುವವಳ ಹಾಗೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಹಿಂದಿನ ಬಾಗಿಲಿಂದ ಬಂದು ಮೆಟ್ಟಿಲ ಕೆಳಗೆ ನಿಂತೆ. ಅವಳು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದಳು. ನಾಯಿ ಆಗಲೇ ಅಲ್ಲಿ ಕೂತಿತ್ತು. ಕಳ್ಳನನ್ಮಗ, ಅದಕ್ಕೆ ಶನಿವಾರ ಯಾವತ್ತು ಅಂತ ಗೊತ್ತಿತ್ತು. ಒಂದಲ್ಲ, ಮೂರು ಚಪಾತಿ, ಸುರುಳಿ ಸುತ್ತಿ ಎಣ್ಣೆ ಸೋರ್ತಾ ಇತ್ತು.

ನಾನು ಕೈ ಚಾಚಿ ಚಪಾತಿ ಕಿತ್ತುಕೊಂಡೆ. ಅವಳು ಬೆಚ್ಚಿದಳು, ಆದರೆ ಓಡಲಿಲ್ಲ.

"ನಿನಗೆ ಹೇಳಿರಲಿಲ್ವೇನಮ್ಮ? ಇದರ ಕಾಲು ಹೋಗುತ್ತೆ."

"ಹೇಳಿದ್ರಿ ಅಮ್ಮಾರ."

"ಮತ್ತೆ?"

"ನೀವು ಹೇಳಿದ ಮ್ಯಾಲ ಒಂದಿಷ್ಟು ವಾರ ಬಿಟ್ಟೆ ರೀ. ಆಷಾಢದಾಗ ಅವರ ಗಾಡಿ ಬಸ್ಸಿಗಿ ತಾಗಿ ಕನ್ನಡಿ ಮುರೀತು. ಅದಕ್ಕ ಬಿಟ್ಟ ವಾರದ್ದೂ ಸೇರಿಸಿ ಕೊಡಾಕತ್ತೀನಿ."

ಕನ್ನಡಿ ಮುರಿದರೆ ಕನ್ನಡಿ ಹಾಕಿಸು, ಬ್ರೇಕ್ ಸರಿ ಇದೆಯಾ ನೋಡಿಸು, ನನ್ನ ನಾಯಿ ನಿನ್ನ ಗಂಡನ ಬ್ರೇಕಲ್ಲ ಅಂದೆ. ಇನ್ನೂ ಏನೇನೋ ಅಂದೆ. ಮನೆ ಖಾಲಿ ಮಾಡು ಅನ್ನೋದೊಂದು ನಾಲಿಗೆ ತುದಿಗೆ ಬಂದು ನಿಂತಿತು. ಅವಳು ತಲೆ ಎತ್ತಿ ನೋಡಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭ ಆಗ್ತಿತ್ತು.

"ನಿಮಗ ನಾಯಿ ಕಾಲಿಂದ ಚಿಂತಿ ಅಮ್ಮಾರ. ನನಗ ನನ್ನ ಕುಂಕುಮದ್ದು."

ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದಳು. ಚಪಾತಿ ನನ್ನ ಕೈಯಲ್ಲಿತ್ತು. ಮೊಣಕೈವರೆಗೂ ಎಣ್ಣೆ ಇಳಿದಿತ್ತು. ಬಚ್ಚಲಲ್ಲಿ ನೀರು ತುಂಬಿ ಹರಿಯೋ ಸದ್ದು ಕೇಳಿಸಿದ ಮೇಲೆ ನಲ್ಲಿ ನೆನಪಾಯಿತು.

ಆ ವಾರ ಪೂರ್ತಿ ನನಗೆ ತಲೆ ನಿಲ್ಲಲಿಲ್ಲ. ನಾಯಿಯನ್ನ ಒಳಗೆ ಕಟ್ಟಿದೆ, ಅದು ಕೂಗಿತು, ಬಿಟ್ಟೆ. ಗೇಟಿಗೆ ಬೀಗ ಹಾಕೋಣ ಅಂದರೆ ಅವರೂ ಓಡಾಡಬೇಕಲ್ಲ. ಮೇಲೆ ಪಾತ್ರೆ ಬಿದ್ದರೂ ಇವಳು ಇಳಿದಳಾ ಅಂತ ಎದ್ದು ನೋಡೋದು. ಸಾಯಂಕಾಲ ಅವಳ ಗಂಡನ ಬೈಕ್ ಸದ್ದು ಕೇಳಿದರೆ ಬಂದನಾ ಅಂತ ನಾನೇ ಕಿವಿ ಕೊಡೋ ಹಾಗಾಯಿತು. ಯಾಕೆ ಅಂತೀರಾ? ಈ ಶನಿವಾರ ಚಪಾತಿ ಕಿತ್ತುಕೊಂಡವಳು ನಾನು. ಅವನಿಗೆ ಏನಾದರೂ ಆದರೆ ಅವಳು ಯಾರ ಮುಖ ನೋಡ್ತಾಳೆ? ಶನಿ ಗಿನಿ ನನಗೆ ನಂಬಿಕೆ ಇಲ್ಲ. ಆದರೆ ರೋಡುಗಳನ್ನ ನಾನೂ ನೋಡಿದೀನಿ. ಗುಂಡಿಗೆ ಬೀಳೋಕೆ ಶನಿಯೇ ಬೇಕಾಗಿಲ್ಲ.

ಶುಕ್ರವಾರ ಮೇಲಕ್ಕೆ ಹೋದೆ. ನಾಯಿಯನ್ನೂ ಹತ್ತಿಸಿದೆ. ಎರಡು ಮಹಡಿ, ಮೆಟ್ಟಿಲಿಗೆ ಒಂದು ಸಲ ಕೂತುಕೊಂಡು ಏದುಸಿರು ಬಿಡ್ತಾ ಹತ್ತಿತು. ಬಾಗಿಲು ತೆಗೆದವಳು ಕಾಲು ಹೇಗೆ ಬೀಸಿಕೊಂಡು ಬಂತು ಅನ್ನೋದನ್ನ ನೋಡಿದಳು. ಅಷ್ಟು ದಿನ ಕೆಳಗೆ ಕೂತಿದ್ದ ನಾಯಿಗೇ ತಿನ್ನಿಸಿದ್ದಳು, ನಡೆಯೋದನ್ನ ನೋಡಿರಲಿಲ್ಲ. ನಾನು ಅವಳ ಕೈ ಹಿಡಿದು ನಾಯಿಯ ಕಂಕುಳಿಗೆ ಇಟ್ಟೆ. ಕೈ ಎಳೆದುಕೊಂಡಳು. ಆಮೇಲೆ ತಾನೇ ಮತ್ತೆ ಇಟ್ಟಳು.

"ಎಷ್ಟ್ ದೊಡ್ಡದೈತ್ರಿ."

ಹೂಂ ಅಂದೆ. ಇದನ್ನ ಕುಯ್ಯಬೇಕಾದರೆ ಇದು ಇಳೀಬೇಕು, ಇಳೀಬೇಕಾದರೆ ನಿನ್ನ ಚಪಾತಿ ನಿಲ್ಲಬೇಕು ಅಂದೆ. ಅವಳು ಗೋಡೆ ನೋಡಿಕೊಂಡು ಕೂತಳು. ನಾನೂ ಕೂತೆ, ಎದ್ದೆ, ಅವಳ ಕಿಟಕಿಯಿಂದ ಬೀದಿ ನೋಡಿದೆ, ಮತ್ತೆ ಕೂತೆ. ಚಪಾತಿ ಬದಲು ಹುರುಳಿಕಾಯಿ ಕೊಟ್ಟರೆ ನಿಮ್ಮ ಐನೋರು ಒಪ್ಪಲ್ವಾ ಅಂತ ಕೇಳಿದೆ. ಚಪಾತಿ ಹೋಗಲಿ, ಎಳ್ಳೆಣ್ಣಿ ನಾಯಿಗೆ ಸಲ್ಲಲೇಬೇಕು ಅಂದಾರ ಅಂದಳು. ಸಲ್ಲಬೇಕು ಅಂದರು ತಾನೆ, ಎಷ್ಟು ಅಂತ ಅಂದರಾ? ಇಲ್ಲ. ಬಾಯಿಗೇ ಅಂತ ಅಂದರಾ? ಅವಳು ಯೋಚಿಸಿದಳು.

ನಾಯಿಗೆ ಮಲಗಿ ಮಲಗಿ ಮೊಣಕೈ ಚರ್ಮ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ನಾನು ಅದನ್ನ ತೋರಿಸಿ, ಇಲ್ಲಿಗೆ ಒಂದು ಹನಿ ಹಚ್ಚು, ಎಣ್ಣೆ ಇದಕ್ಕೂ ಸಲ್ಲುತ್ತೆ ಅಂದೆ. ಅವಳು ಒಳಗೆ ಹೋಗಿ ಬಟ್ಟಲು ತಂದು, ಬೆರಳು ಅದ್ದಿ, ಹಣೆಗೆ ಕುಂಕುಮ ಇಟ್ಟ ಹಾಗೆ ನಾಯಿಯ ಮೊಣಕೈಗೆ ಇಟ್ಟಳು. ನಾಯಿ ತಕ್ಷಣ ಕತ್ತು ತಿರುಗಿಸಿ ನೆಕ್ಕಿಬಿಟ್ಟಿತು. ಇಬ್ಬರೂ ಅದನ್ನೇ ನೋಡಿದೆವು. ಒಂದು ಹನಿ, ಹೋಗಲಿ ಅಂತ ನಾನು. ಬಾಯಿಗೂ ಹೋತಲ್ರಿ ಅಂತ ಅವಳು. ಮೊದಲ ಸಲ ಅವಳು ನಕ್ಕಿದ್ದು ನೋಡಿದೆ.

ಅವತ್ತಿಂದ ಶನಿವಾರ ಅವಳೇ ಹುರುಳಿಕಾಯಿ ಬೇಯಿಸಿ ತರ್ತಿದ್ದಳು, ಜೊತೆಗೆ ಎಣ್ಣೆಯ ಆ ಒಂದು ಹನಿ. ಕನ್ನಡಿ ಹಾಕಿಸಿದಿರಾ ಅಂತ ನಾನು ಪ್ರತಿ ಸಲ ಕೇಳ್ತಿದ್ದೆ. ಮೂರನೇ ಸಲ ಹಾಕಿಸಿದರು. ದಾರ ಮತ್ತೆ ಹೊರಟಿತು. ಮೊದಲು ಹಳೇ ಎರಡು ಬೆರಳಿಗೆ ಬಂತು, ಅದನ್ನೂ ದಾಟಿತು. ದಸರಾ ಕಳೆದ ಮೇಲೆ ಒಂದು ದಿನ ಯಂತ್ರದ ಮೇಲೆ ನಿಲ್ಲಿಸಿ ಡಾಕ್ಟರು, ಇಷ್ಟು ಸಾಕು, ಇನ್ನು ಕಾಯೋದು ಬೇಡ ಅಂದಳು.

ಆಪರೇಷನ್ ದಿನ ಬೆಳಗ್ಗೆ ನಾಯಿಗೆ ಏನೂ ಕೊಡಬಾರದು ಅಂದಿದ್ದರು. ನಾನೂ ಏನೂ ತಿನ್ನಲಿಲ್ಲ, ಭಕ್ತಿಗಲ್ಲ, ಇಳಿಯಲಿಲ್ಲ. ಅದನ್ನ ಒಳಗೆ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಮಗ ಕುರ್ಚಿ ತೋರಿಸಿದ, ನಾನು ಹೊರಗೆ ಬಂದೆ. ಮೆಟ್ರೋ ಕೆಳಗೆ ಹೂವಿನವರು, ಬಾಳೆಹಣ್ಣಿನ ಗಾಡಿ, ಬಸ್ಸು ಮೇಲೆ ಬಸ್ಸು. ಮಾರ್ಕೆಟ್ಟಿನ ಆ ತುದಿವರೆಗೆ ಹೋದೆ, ಬಂದೆ. ನಾಯಿ ಇಲ್ಲದೆ ನಡೀತಿದ್ದೆ, ಹಗ್ಗ ಮಾತ್ರ ಕೈಯಲ್ಲಿತ್ತು. ಹೂವಿನವಳು, "ಎಲ್ಲಿಗಮ್ಮಾ, ಬೆಳಗ್ಗಿಂದ ಸುತ್ತುತ್ತಾ ಇದೀರಲ್ಲ" ಅಂದಳು. ಹಗ್ಗ ಸುತ್ತಿಕೊಂಡು ವಾಪಸು ಬಂದೆ. ಮೇಲೆ ರೈಲು ಹೋದಾಗಲೆಲ್ಲ ಅದು ಒಳಗಿನ ಸದ್ದೋ ಹೊರಗಿನದೋ ಅಂತ ತಿರುಗಿ ನೋಡ್ತಿದ್ದೆ.

ಡಾಕ್ಟರು ಬಾಗಿಲಿಗೆ ಬಂದು ಕರೆದಳು. ಸ್ಟೀಲ್ ತಟ್ಟೆಯಲ್ಲಿ ಆ ಗಂಟು ಇಟ್ಟಿದ್ದರು. ಹಳದಿ, ಮೆತ್ತಗೆ, ಬೆಣ್ಣೆ ಮುದ್ದೆಯ ಹಾಗೆ. ಇಷ್ಟು ದಿನ ಬೆರಳಲ್ಲಿ ನೋಡಿದ್ದನ್ನ ಕಣ್ಣಲ್ಲಿ ನೋಡಿದೆ, ಅಷ್ಟೇ. ಪೂರ್ತಿ ಬಂತು, ಬೇರು ಬಿಟ್ಟಿರಲಿಲ್ಲ, ಒಂದು ಚೂರು ಪರೀಕ್ಷೆಗೆ ಕಳಿಸ್ತೀನಿ ಅಂದಳು. ಆಮೇಲೆ ಬಂದ ಉತ್ತರವೂ ಬರೀ ಕೊಬ್ಬು ಅಂತಲೇ. ನಾಯಿಯ ಕತ್ತಿಗೆ ಹೊಲಿಗೆ ನೆಕ್ಕದ ಹಾಗೆ ಬಕೆಟ್ಟಿನಂಥದ್ದೊಂದು ಕಟ್ಟಿದ್ದರು. ಅದು ಗೋಡೆ ಗೋಡೆಗೆ ಡಿಕ್ಕಿ ಹೊಡೀತಾ, ನನ್ನ ಮೊಣಕಾಲಿಗೆ ಗುದ್ದುತ್ತಾ ವಾರಗಟ್ಟಲೆ ಓಡಾಡಿತು. ಅಷ್ಟೂ ದಿನ ಮೊಣಕೈಗೆ ಎಣ್ಣೆ ಹಚ್ಚಿದರೂ ನೆಕ್ಕೋಕಾಗ್ತಿರಲಿಲ್ಲ. ಮೇಲಿನವಳಿಗೆ ಅದೊಂದು ಕಳವಳ.

ಹೊರಡುವಾಗ ಡಾಕ್ಟರು ಹೇಳಿದ ಮಾತು ಈ ಸಲ ದಾರಿಯಲ್ಲಿ ಉದುರಲಿಲ್ಲ. ಇದು ಹೋಯಿತು ಅಂದರೆ ಮುಗಿಯಿತು ಅಂತಲ್ಲ ಅಜ್ಜಿ, ಬೇರೆ ಕಡೆ ಏಳಬಹುದು, ಇದ್ದ ಜಾಗದಲ್ಲೂ ಬರಬಹುದು. ಪ್ರತಿ ಗಂಟಿಗೂ ಸೂಜಿ ಹಾಕಿಯೇ ನೋಡಬೇಕು, ಕೈಯಲ್ಲಿ ಮುಟ್ಟಿ ಕೊಬ್ಬು ಅಂತ ಹೇಳೋಕೆ ನನಗೂ ಆಗಲ್ಲ. ಮೈ ಹೀಗೇ ಇರಲಿ, ನಿಮ್ಮ ಬೆರಳು ಹೀಗೇ ಆಡ್ತಾ ಇರಲಿ.

ಬೋಳಿಸಿದ ಕಡೆ ಕೂದಲು ಬಂತು. ಅರ್ಧ ಬಿಳಿ. ಗಾಯದ ಗೆರೆ ಉದ್ದಕ್ಕೂ ಸುಣ್ಣ ಬಳಿದ ಹಾಗೆ. ಗದ್ದವೂ ಅಷ್ಟೊತ್ತಿಗೆ ಬೆಳ್ಳಗಾಗ್ತಾ ಇತ್ತು, ಯಾರೂ ನೋಡಿರಲಿಲ್ಲ. ಒಂದು ಶನಿವಾರ ಸಾಯಂಕಾಲ ಮೇಲಿನವಳು ಹುರುಳಿಕಾಯಿ ಬಟ್ಟಲು ಹಿಡಿದು ಇಳಿದು ಬಂದು ಅದನ್ನ ನೋಡಿ ನಿಂತುಬಿಟ್ಟಳು. ನಾನು ಮೆಟ್ಟಿಲ ಮೇಲೆ ಚಿಪ್ಪು ಇಟ್ಟುಕೊಂಡು ಕೂತಿದ್ದೆ. ಇನ್ನು ಇದು ನಿನಗೆ ಆಗಿಬರಲ್ವೇನೋ, ಬೇರೆ ನಾಯಿ ಹುಡುಕಿಕೋ ಅಂದೆ. ಅವಳು ಆ ಬಿಳಿಯನ್ನ ಬೆರಳಲ್ಲಿ ಸವರಿದಳು. ಬಟ್ಟಲು ನಾಯಿ ಮುಂದೆ ಇಟ್ಟು ನನ್ನ ಪಕ್ಕ ಕೂತಳು. ಆವತ್ತು ಅವಳ ಗಂಡ ಬರೋದು ತಡವಾಗಿತ್ತು. ಫೋನು ಎತ್ತುತ್ತಿರಲಿಲ್ಲ. ಅವಳು ಅದನ್ನ ಮಡಿಲಲ್ಲಿ ತಿರುಗಿಸಿ ಮುರುಗಿಸಿ ನೋಡ್ತಾ ಇದ್ದಳು. ನನ್ನ ಬೆರಳೂ ಸುಮ್ಮನಿರಲಿಲ್ಲ, ನಾಯಿಯ ಕತ್ತು, ಭುಜ, ಪಕ್ಕೆ.

ಪಕ್ಕೆಯಲ್ಲಿ, ಕೊನೇ ಎಲುಬಿನ ಹತ್ತಿರ, ನಿಂತಿತು. ಹುಣಸೇಬೀಜದಷ್ಟು. ಒತ್ತಿದೆ, ಅತ್ತ ಹೋಯಿತೋ, ಅಥವಾ ಅದು ಎಲುಬಿನ ತುದಿಯೋ. ಇನ್ನೊಂದು ಸಲ ನೋಡೋಣ ಅಂತ ಹೆಬ್ಬೆರಳು ಊರುವಷ್ಟರಲ್ಲಿ ಬೀದಿ ತಿರುವಿನಲ್ಲಿ ಬೈಕ್ ಸದ್ದಾಯಿತು. ನಾಯಿಗೆ ಆ ಬೈಕ್ ಗೊತ್ತು. ಬಟ್ಟಲು ಉರುಳಿಸಿಕೊಂಡು ಎದ್ದು ಗೇಟಿನ ಕಡೆ ಓಡಿತು. ಎಡಗಾಲು ನೇರ ಬೀಳ್ತಾ ಇತ್ತು. ಅವಳೂ ಅದರ ಹಿಂದೆ ಗೇಟಿಗೆ ಹೋದಳು.

ನನ್ನ ಕೈ ಗಾಳಿಯಲ್ಲಿ ಹಾಗೇ ಉಳಿಯಿತು. ಲೇ, ಬಾರೋ ಇಲ್ಲಿ, ಅಂದೆ. ಬರಲಿಲ್ಲ.